ಉಂಡು ಮಲಗುವ ವ್ಯವಧಾನ: ದೂರವಾದ ದಾಂಪತ್ಯಕ್ಕೆ ಆರೈಕೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಮದುವೆಯ ಮನೆಗಳಲ್ಲಿ ಹಿರಿಯರು ಇದನ್ನು ನಗುತ್ತ ಹೇಳುತ್ತಾರೆ. ಕಿರಿಯರು ನಗುತ್ತ ಕೇಳುತ್ತಾರೆ. ಆದರೆ ಈ ಗಾದೆಯೊಳಗೆ ಒಂದು ಚಿಕಿತ್ಸಾಕ್ರಮವೂ ಅಡಗಿದೆಯೆಂಬುದು ಸಾಮಾನ್ಯವಾಗಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಮುನಿಸು ತಾನಾಗಿಯೇ ತೀರುತ್ತದೆಂದು ಗಾದೆ ಹೇಳುತ್ತಿಲ್ಲ. ಒಟ್ಟಿಗೆ ಉಂಡು, ಒಂದೇ ಹೊತ್ತಿಗೆ ದೀಪವಾರಿಸಿ ಮಲಗುವ ಮನೆಯಲ್ಲಿ ಅದು ತೀರುತ್ತದೆಂದು ಹೇಳುತ್ತಿದೆ. ಎಷ್ಟೇ ಕೋಪವಿದ್ದರೂ ಬಡಿಸುವವರು "ಇನ್ನೊಂದು ಸ್ವಲ್ಪ ಅನ್ನ ಹಾಕಲೇ?" ಎಂದು ಕೇಳಲೇಬೇಕು; ಉಣ್ಣುವವರು "ಸಾಕು" ಎಂದಾದರೂ ಉತ್ತರಿಸಲೇಬೇಕು. ಕಟ್ಟಿಕೊಂಡಿದ್ದ ಮಾತಿನ ಒಡ್ಡು ಆ ಒಂದು ಮಾತಿನಿಂದಲೇ ಸಡಿಲಗೊಳ್ಳುತ್ತಿತ್ತು.

ಮಹಾನಗರವನ್ನು ಸೇರಿದ ಕುಟುಂಬಗಳಲ್ಲಿ ಮೊದಲು ಕಳೆದುಹೋಗುವುದು ಇದೇ ಉಂಡು ಮಲಗುವ ವ್ಯವಧಾನ. ಡೊಂಬಿವಲಿಯಿಂದಲೋ ವಿರಾರದಿಂದಲೋ ಮುಂಬಯಿಯ ಕಚೇರಿಗೆ ಹೋಗಿಬರುವವರ ದಿನದಲ್ಲಿ ಎರಡು ಮೂರು ಗಂಟೆಗಳು ಲೋಕಲ್ ಗಾಡಿಯಲ್ಲೇ ಕಳೆಯುತ್ತವೆ. ಹೋಟೆಲ್ ಉದ್ಯಮದಲ್ಲಿರುವವರು ಮನೆಗೆ ಬರುವಾಗ ಮನೆಮಂದಿ ನಿದ್ರೆಯಲ್ಲಿರುತ್ತಾರೆ. ಪುಣೆ, ಹೈದರಾಬಾದುಗಳ ಗಣಕಯಂತ್ರ ಸಂಸ್ಥೆಗಳಲ್ಲಿ ದುಡಿಯುವವರಿಗೆ ಅಮೆರಿಕದ ಹಗಲೇ ಕೆಲಸದ ವೇಳೆಯಾಗಿರುತ್ತದೆ. ಒಬ್ಬರು ಉಂಡಾಗ ಇನ್ನೊಬ್ಬರು ಉಂಡಿರುವುದಿಲ್ಲ. ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿರುತ್ತಾರೆ. ಹೀಗೆ ಇಪ್ಪತ್ತು ಇಪ್ಪತ್ತೈದು ವರ್ಷಗಳು ಸಂದ ಮೇಲೆ ದಂಪತಿಗಳು ಎದುರುಬದುರು ಕುಳಿತುಕೊಂಡರೆ ಆಡಲು ಮಾತೇ ತೋಚದಂತಾಗುವುದು ಆಶ್ಚರ್ಯವಲ್ಲ.

ಜಗಳವಿಲ್ಲದ ದೂರ

ದೀರ್ಘಕಾಲದ ದಾಂಪತ್ಯವು ಸೊರಗುವುದು ಅನೇಕ ವೇಳೆ ದೊಡ್ಡ ಕಲಹದಿಂದಲ್ಲ. ಮನೆಯಲ್ಲಿ ಮಾತುಕತೆ ನಡೆಯುತ್ತಲೇ ಇರುತ್ತದೆ. ಆದರೆ ಅದು ಗ್ಯಾಸ್ ಸಿಲಿಂಡರು, ಹಾಲಿನ ಲೆಕ್ಕ, ಸೊಸೈಟಿಯ ಮೇಂಟೆನೆನ್ಸು, ಮಕ್ಕಳ ಟ್ಯೂಷನ್ನು, ಸಾಲದ ಕಂತು ಇವುಗಳ ಸುತ್ತಲೇ ಸುಳಿಯುತ್ತದೆ. ಸತಿಪತಿಗಳು ಒಂದೇ ಸಂಸ್ಥೆಯ ಇಬ್ಬರು ಗುಮಾಸ್ತರಂತೆ ಕಾರ್ಯಭಾರವನ್ನು ಹಂಚಿಕೊಂಡು ನಡೆಸುತ್ತಾರೆ. ನೋಡುವವರಿಗೆ ಅದು ಸುವ್ಯವಸ್ಥಿತ ಸಂಸಾರ. ಅವರವರ ಮನಸ್ಸಿನ ಸ್ಥಿತಿಯನ್ನು ಇನ್ನೊಬ್ಬರು ವಿಚಾರಿಸಿ ಎಷ್ಟೋ ಕಾಲವಾಗಿರುತ್ತದೆ.

ಈ ಕೊರತೆ ಬಹಿರಂಗವಾಗುವುದು ಎರಡು ಸಂದರ್ಭಗಳಲ್ಲಿ. ಮಕ್ಕಳು ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ ಅಥವಾ ವಿದೇಶಕ್ಕೆ ಹೊರಟುಹೋದಾಗ ಒಮ್ಮೆ. ಉದ್ಯೋಗದಿಂದ ನಿವೃತ್ತಿಯಾದಾಗ ಮತ್ತೊಮ್ಮೆ. ಅಲ್ಲಿಯವರೆಗೆ ಹಗಲಿಡೀ ತನ್ನದೇ ಆಗಿದ್ದ ಮನೆಯಲ್ಲಿ ಗೃಹಿಣಿಯು ಈಗ ಪತಿಯ ಮೇಲ್ವಿಚಾರಣೆಯನ್ನು ಸಹಿಸಬೇಕಾಗುತ್ತದೆ. ಕಚೇರಿಯಲ್ಲಿ ಹತ್ತು ಜನರ ಮನ್ನಣೆಗೆ ಪಾತ್ರನಾಗಿದ್ದ ಪತಿಗೆ ಮನೆಯಲ್ಲಿ ತನಗೊಂದು ಸ್ಥಾನವೇ ಇಲ್ಲವೆನಿಸುತ್ತದೆ.

ಊರಿನ ಕೂಡುಕುಟುಂಬವು ಆದರ್ಶವಾಗಿತ್ತೆಂದು ಹೇಳುವಂತಿಲ್ಲ. ಅಲ್ಲಿ ಎಷ್ಟೋ ಹೆಣ್ಣುಮಕ್ಕಳ ಮೌನ ಯಾರಿಗೂ ಕೇಳಿಸದೆ ಹೋಯಿತು. ಆದರೂ ಅದರಲ್ಲಿ ಕೆಲವು ಉಪಾಯಗಳಿದ್ದವು. ಬೇಸತ್ತ ಮಗಳು ತವರಿಗೆ ಹೋಗಿ ಹದಿನೈದು ದಿನ ಇದ್ದು ಬರುತ್ತಿದ್ದಳು. ಇಬ್ಬರ ಮಾತನ್ನೂ ಕೇಳಿ, ಇಬ್ಬರನ್ನೂ ಗದರಿಸಬಲ್ಲ ಸೋದರತ್ತೆಯೋ ಚಿಕ್ಕಪ್ಪನೋ ಮನೆಯಲ್ಲಿರುತ್ತಿದ್ದರು. ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಈ ಮೂರನೆಯ ವ್ಯಕ್ತಿ ಇಲ್ಲ. ಆ ಸ್ಥಾನವನ್ನು ದಂಪತಿಗಳೇ ತಿಳಿವಳಿಕೆಯಿಂದ ತುಂಬಿಕೊಳ್ಳಬೇಕಾಗಿದೆ.

'ಹೂಂ' ಎಂಬ ಉತ್ತರ

ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಅವರು ದಂಪತಿಗಳ ನಿತ್ಯದ ವರ್ತನೆಯನ್ನು ಮನೆಯಂತೆಯೇ ಸಜ್ಜುಗೊಳಿಸಿದ ಪ್ರಯೋಗಶಾಲೆಯಲ್ಲಿ ಹಲವು ವರ್ಷ ಪರಿಶೀಲಿಸಿದರು. ದಿನವಿಡೀ ದಂಪತಿಗಳು ಪರಸ್ಪರರ ಗಮನವನ್ನು ಬಯಸಿ ಸಣ್ಣ ಸಣ್ಣ ಮಾತುಗಳನ್ನಾಡುತ್ತಾರೆಂಬುದನ್ನು ಅವರು ಗುರುತಿಸಿದರು. ಆರು ವರ್ಷಗಳ ತರುವಾಯ ವಿಚಾರಿಸಿದಾಗ, ಒಟ್ಟಿಗೆ ಉಳಿದಿದ್ದ ದಂಪತಿಗಳು ಇಂತಹ ಕರೆಗಳಿಗೆ ಶೇಕಡಾ 86ರಷ್ಟು ಸಲ ಓಗೊಟ್ಟಿದ್ದರೆಂದೂ, ಬೇರ್ಪಟ್ಟವರಲ್ಲಿ ಈ ಪ್ರಮಾಣ ಶೇಕಡಾ 33 ಮಾತ್ರವಾಗಿತ್ತೆಂದೂ ಅವರು ವರದಿಮಾಡಿದ್ದಾರೆ.

ಕನ್ನಡ ಮನೆಯಲ್ಲಿ ಇಂತಹ ಕರೆ ಹೇಗಿರುತ್ತದೆ? "ಏನ್ರೀ, ಊರಲ್ಲಿ ಮಳೆ ಶುರುವಾಯಿತಂತೆ" ಎಂದು ಹೆಂಡತಿ ಹೇಳುತ್ತಾಳೆ. ಅವಳಿಗೆ ಬೇಕಾದದ್ದು ಹವಾಮಾನದ ವರದಿಯಲ್ಲ. ತವರಿನ ಅಂಗಳ, ಹಂಚಿನ ಮೇಲಿನ ಮಳೆಯ ಸದ್ದು, ಕಳೆದ ವರ್ಷ ತೀರಿಹೋದ ತಾಯಿ, ಇವೆಲ್ಲ ಆ ಒಂದು ವಾಕ್ಯದ ಹಿಂದಿರಬಹುದು. ಗಂಡ ಮೊಬೈಲಿನಿಂದ ಕಣ್ಣೆತ್ತದೆ "ಹೂಂ" ಎನ್ನುತ್ತಾನೆ. ಇನ್ನೊಂದು ದಿನ ಗಂಡ "ಇವತ್ತು ಆಫೀಸಿನಲ್ಲಿ ಒಂದು ತಮಾಷೆ ನಡೆಯಿತು" ಎಂದು ಆರಂಭಿಸುತ್ತಾನೆ. ಹೆಂಡತಿ "ಮೊದಲು ಆ ಲೈಟ್ ಬಿಲ್ಲು ಕಟ್ಟಿದಿರಾ ಹೇಳಿ" ಎನ್ನುತ್ತಾಳೆ. ಯಾರೂ ಕೆಟ್ಟ ಮಾತನ್ನಾಡಲಿಲ್ಲ. ಆದರೂ ಎರಡೂ ದಿನ ಒಂದೊಂದು ಬಾಗಿಲು ಮುಚ್ಚಿತು. ಉತ್ತರ ಬರದ ಕರೆಯನ್ನು ಮನುಷ್ಯನು ಬಹುಕಾಲ ಕೂಗುವುದಿಲ್ಲ. ಕೆಲವು ವರ್ಷಗಳಲ್ಲಿ ಕರೆಯುವುದೇ ನಿಂತುಹೋಗುತ್ತದೆ, ಮನೆ ಶಾಂತವಾಗುತ್ತದೆ. ಆ ಶಾಂತಿಯನ್ನು ಸಾಮರಸ್ಯವೆಂದು ತಪ್ಪು ತಿಳಿಯಬಾರದು.

ಈ ದೂರದ ಪರಿಣಾಮ ಮನಸ್ಸಿಗಷ್ಟೇ ಸೀಮಿತವಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಕ್ಕೆಯಂತಹ ಗಾಯಗಳನ್ನು ಮಾಡಿ ಅವು ಮಾಯುವ ವೇಗವನ್ನು ಅಳೆಯಲಾಯಿತು. ಪರಸ್ಪರ ಬೆಂಬಲದ ಮಾತನಾಡಿದ ಸಲಕ್ಕಿಂತ ಭಿನ್ನಾಭಿಪ್ರಾಯವನ್ನು ಚರ್ಚಿಸಿದ ಸಲ ಗಾಯ ಮಾಯಲು ಸುಮಾರು ಒಂದು ದಿನ ಹೆಚ್ಚು ಹಿಡಿಯಿತು. ತೀವ್ರ ಹಗೆಯಿಂದ ವರ್ತಿಸುವ ದಂಪತಿಗಳಲ್ಲಿ ಮಾಯುವ ವೇಗ ಉಳಿದವರ ಶೇಕಡಾ 60ರಷ್ಟೇ ಇತ್ತು. ಕಹಿಯಾದ ಮಾತು ಚರ್ಮದವರೆಗೂ ಇಳಿಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಪ್ರೀತಿ ಬತ್ತಿತೋ, ದೇಹ ಬಳಲಿತೋ?

ದಾಂಪತ್ಯದಲ್ಲಿ ಒಲವು ಮುಗಿಯಿತೆಂದು ತೀರ್ಮಾನಿಸುವ ಮುನ್ನ ವೈದ್ಯರನ್ನು ಕಾಣುವುದು ವಿವೇಕದ ಹೆಜ್ಜೆ. ನಲವತ್ತೈದು ದಾಟಿದವರಲ್ಲಿ ಉದಾಸೀನದಂತೆ ಕಾಣುವ ಎಷ್ಟೋ ವರ್ತನೆಗಳ ಮೂಲ ಶರೀರದಲ್ಲಿರುತ್ತದೆ.

ಮೊದಲನೆಯದು ಖಿನ್ನತೆ. ಎರಡು ವಾರಗಳಿಗೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ರೆ ಮತ್ತು ಹಸಿವು ಏರುಪೇರಾಗುವುದು, ಬದುಕು ಭಾರವೆನಿಸುವುದು ಇದರ ಲಕ್ಷಣಗಳು. ಗಂಡಸರಲ್ಲಿ ಇದು ಕಣ್ಣೀರಿನ ಬದಲು ಸಿಡಿಮಿಡಿಯಾಗಿ ಅಥವಾ ಹೆಚ್ಚಿದ ಕುಡಿತವಾಗಿ ತೋರಿಬರುವುದುಂಟು. ಎರಡನೆಯದು ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ. ಸದಾ ಆಯಾಸ, ಮೈಭಾರ, ಮಂಕುತನ, ಚಳಿಯನ್ನು ತಾಳಲಾರದಿರುವಿಕೆ ಇವುಗಳಿದ್ದಲ್ಲಿ ಒಂದು ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ನಿತ್ಯ ಒಂದು ಗುಳಿಗೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ.

ಮೂರನೆಯದು ಋತುಬಂಧ. ಭಾರತೀಯ ಸ್ತ್ರೀಯರಲ್ಲಿ ಇದು ಸಾಮಾನ್ಯವಾಗಿ 45ರಿಂದ 50ರ ವಯಸ್ಸಿನಲ್ಲಿ ಒದಗುತ್ತದೆ. ಏಕಾಏಕಿ ಮೈಬಿಸಿಯೇರುವುದು, ಬೆವರು, ನಿದ್ರಾಭಂಗ, ಜನನಾಂಗದ ಶುಷ್ಕತೆ, ಅದರಿಂದಾಗುವ ನೋವು ಇವುಗಳ ದೆಸೆಯಿಂದ ಪತ್ನಿಯು ಪತಿಯ ಸಾಮೀಪ್ಯವನ್ನು ತಪ್ಪಿಸತೊಡಗಬಹುದು. ಸಂಕೋಚದಿಂದ ಅವಳು ಕಾರಣ ಹೇಳುವುದಿಲ್ಲ. ಅಭಿಮಾನದಿಂದ ಅವನು ಕೇಳುವುದಿಲ್ಲ. ನಾಲ್ಕನೆಯದು ಇದರ ಮರುಮುಖ. ಮಧುಮೇಹ, ರಕ್ತದೊತ್ತಡ ಮತ್ತು ಅವುಗಳ ಕೆಲವು ಔಷಧಿಗಳಿಂದ ಪುರುಷನಲ್ಲಿ ಲೈಂಗಿಕ ದೌರ್ಬಲ್ಯ ಉಂಟಾಗಬಹುದು. ಸೋಲಿನ ಅಂಜಿಕೆಯಿಂದ ಅವನು ಬೇರೆ ಕೋಣೆಯಲ್ಲಿ ಮಲಗತೊಡಗಿದರೆ ಪತ್ನಿಗೆ ಅದು ತಿರಸ್ಕಾರವಾಗಿ ಕಾಣುತ್ತದೆ. ಈ ದೌರ್ಬಲ್ಯವು ಹೃದಯದ ರಕ್ತನಾಳಗಳ ರೋಗಕ್ಕೆ ಮುನ್ಸೂಚನೆಯೂ ಆಗಿರಬಹುದಾದುದರಿಂದ ನಾಚಿಕೆಯಿಂದ ಮುಚ್ಚಿಡತಕ್ಕದ್ದಲ್ಲ. ವೈದ್ಯರಿಗೆ ತಿಳಿಸದೆ ಔಷಧಿಯನ್ನು ನಿಲ್ಲಿಸುವುದೂ ಸಲ್ಲದು.

ಐದನೆಯ ಕಾರಣ ಯಾರಿಗೂ ತೋಚದಂಥದು: ಕಿವಿ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ. ದನಿ ಕೇಳಿಸುತ್ತದೆ, ಅಕ್ಷರಗಳು ತಿಳಿಯುವುದಿಲ್ಲ. ಅಡುಗೆಮನೆಯ ಫ್ಯಾನು, ಮಿಕ್ಸರು, ಕುಕ್ಕರಿನ ಸದ್ದಿನ ನಡುವೆ ಆಡಿದ ಮಾತಂತೂ ಕಲಸಿಹೋಗುತ್ತದೆ. "ನಾನು ಹೇಳಿದ್ದು ಇವರ ಕಿವಿಗೇ ಬೀಳುವುದಿಲ್ಲ" ಎಂಬ ದೂರು ಅಕ್ಷರಶಃ ಸತ್ಯವಾಗಿರಬಹುದು! ಇನ್ನು ಗೊರಕೆ. ನಡುನಡುವೆ ಉಸಿರು ನಿಂತಂತಾಗಿ ಮತ್ತೆ ಏದುಸಿರಿನೊಂದಿಗೆ ಆರಂಭವಾಗುವ ಗೊರಕೆಯೂ ಹಗಲಿನ ತೂಕಡಿಕೆಯೂ ಕೂಡಿದ್ದರೆ ಅದು ಚಿಕಿತ್ಸೆ ಬೇಡುವ ರೋಗ; ಅದರಿಂದ ಇಬ್ಬರ ನಿದ್ರೆಯೂ ಇಬ್ಬರ ಸಹನೆಯೂ ಕೆಡುತ್ತದೆ.

ಬೆನ್ನಟ್ಟುವವರು, ಹಿಂಜರಿಯುವವರು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಆಂಡ್ರೂ ಕ್ರಿಸ್ಟೆನ್‌ಸನ್ ಅವರು ದಂಪತಿಗಳಲ್ಲಿ ಪದೇ ಪದೇ ಕಾಣುವ ಒಂದು ಸುಳಿಯನ್ನು ವಿವರಿಸಿದ್ದಾರೆ. ಒಬ್ಬರು ಮಾತಿಗಾಗಿ ಒತ್ತಾಯಿಸುತ್ತಾರೆ, ಇನ್ನೊಬ್ಬರು ಹಿಂಜರಿಯುತ್ತಾರೆ. ಒತ್ತಾಯ ಹೆಚ್ಚಿದಷ್ಟೂ ಹಿಂಜರಿಕೆ ಹೆಚ್ಚುತ್ತದೆ. ಹಿಂಜರಿದಷ್ಟೂ ಒತ್ತಾಯ ಬಿರುಸಾಗುತ್ತದೆ. "ಇವರು ಬಾಯಿ ಬಿಡುವುದಿಲ್ಲ, ಅದಕ್ಕೇ ಕೂಗಬೇಕಾಗುತ್ತದೆ" ಎಂದು ಒಬ್ಬರು. "ಇವಳು ಕೂಗುತ್ತಾಳೆ, ಅದಕ್ಕೇ ಬಾಯಿ ಬಿಡುವುದಿಲ್ಲ" ಎಂದು ಇನ್ನೊಬ್ಬರು. ಪ್ರತಿಯೊಬ್ಬರೂ ತಮ್ಮ ನಡತೆಯನ್ನು ಇನ್ನೊಬ್ಬರ ನಡತೆಗೆ ಉತ್ತರವೆಂದೇ ನಂಬಿರುತ್ತಾರೆ. ಈ ಸುಳಿಯಲ್ಲಿ ಅಪರಾಧಿಯನ್ನು ಹುಡುಕುವುದು ವ್ಯರ್ಥ. ಸುಳಿಯೇ ಇಬ್ಬರಿಗೂ ಸಮಾನ ಶತ್ರುವೆಂದು ತಿಳಿದರೆ ಅರ್ಧ ಹಾದಿ ಸಾಗಿದಂತೆ.

ಟೀಕೆ, ತಿರಸ್ಕಾರ, ಸಮರ್ಥನೆ, ಕಲ್ಲಿನಂತಹ ಮೌನ ಈ ನಾಲ್ಕನ್ನು ಗಾಟ್‌ಮನ್ ಅವರು ದಾಂಪತ್ಯದ ಅಪಾಯಸೂಚಕಗಳೆಂದು ಗುರುತಿಸಿದ್ದಾರೆ. ಇವುಗಳಲ್ಲಿ ತಿರಸ್ಕಾರವೇ ಅತ್ಯಂತ ಘಾತುಕ. ನೆಂಟರ ಮುಂದೆ ಹಂಗಿಸುವುದು, ತವರಿನವರನ್ನು ಆಡಿಕೊಳ್ಳುವುದು, ಗಳಿಕೆಯನ್ನು ಹೋಲಿಸಿ ಚುಚ್ಚುವುದು ಇವೆಲ್ಲ ಆ ಜಾತಿಯವು. ಉಳಿದೆಲ್ಲ ಉಪಾಯಗಳಿಗೂ ಮೊದಲು ಇದೊಂದನ್ನು ನಿಲ್ಲಿಸಬೇಕು.

ಮನೆಯಲ್ಲೇ ಮಾಡಬಹುದಾದ ಆರೈಕೆ

ದಿನಕ್ಕೊಂದು ಹೊತ್ತು ಒಟ್ಟಿಗೆ ಉಣ್ಣುವುದು ಮೊದಲನೆಯ ನಿಯಮ. ರಾತ್ರಿಯ ಊಟ ಸಾಧ್ಯವಾಗದಿದ್ದರೆ ಬೆಳಗಿನ ಕಾಫಿಯಾದರೂ ಆದೀತು. ಹದಿನೈದು ನಿಮಿಷ ಸಾಕು, ಆದರೆ ಟಿ.ವಿ. ಆರಿರಬೇಕು, ಮೊಬೈಲು ಬೇರೆ ಕೋಣೆಯಲ್ಲಿರಬೇಕು, ಬಿಲ್ಲು ಬಾಕಿಗಳ ಮಾತು ಕೂಡದು. ಆರಂಭದಲ್ಲಿ ಮಾತು ತೋಚದೆ ಮುಜುಗರವಾಗುವುದು ಸಹಜ. ಬಹುಕಾಲ ಬಳಸದ ಬಾವಿಯಿಂದ ಮೊದಲ ಕೊಡಕ್ಕೇ ತಿಳಿನೀರು ಬಾರದು.

ಮನೆ ಬಿಡುವಾಗ ಮತ್ತು ಮನೆ ಸೇರಿದಾಗ ಒಂದು ಮಾತು ಎರಡನೆಯದು. "ಹೋಗಿ ಬರುತ್ತೇನೆ" ಎಂದು ಮುಖ ನೋಡಿ ಹೇಳುವುದಕ್ಕೂ ಬಾಗಿಲೆಳೆದುಕೊಂಡು ಹೊರಡುವುದಕ್ಕೂ ಅಂತರವಿದೆ.

ದೂರನ್ನು ಮೃದುವಾಗಿ ಆರಂಭಿಸುವುದು ಮೂರನೆಯದು. "ನಿಮಗೆ ಮನೆಯ ಚಿಂತೆಯೇ ಇಲ್ಲ" ಎಂದರೆ ಎದುರಿನವರು ಪ್ರತಿವಾದಕ್ಕೆ ನಿಲ್ಲುತ್ತಾರೆ. "ಈ ವಾರ ಒಬ್ಬಳೇ ಓಡಾಡಿ ಸಾಕಾಯಿತು, ಶನಿವಾರ ಬ್ಯಾಂಕಿನ ಕೆಲಸ ನೀವು ನೋಡಿಕೊಳ್ಳುತ್ತೀರಾ?" ಎಂದರೆ ಅವರಿಗೆ ಮಾಡಲೊಂದು ಕೆಲಸ ದೊರೆಯುತ್ತದೆ. ಮಾತು ಕಾವೇರಿ ಎದೆ ಡವಗುಟ್ಟತೊಡಗಿದರೆ ಕನಿಷ್ಠ ಇಪ್ಪತ್ತು ನಿಮಿಷ ವಿರಾಮ ಕೊಡಬೇಕು. ಶರೀರದ ಉದ್ವೇಗ ಇಳಿಯಲು ಅಷ್ಟು ಹೊತ್ತು ಬೇಕು. ಆದರೆ "ಒಂಬತ್ತು ಗಂಟೆಗೆ ಮತ್ತೆ ಕುಳಿತು ಮಾತನಾಡೋಣ" ಎಂದು ಹೇಳಿಯೇ ಏಳಬೇಕು. ಹೇಳದೆ ಎದ್ದುಹೋಗುವುದು ವಿರಾಮವೆನಿಸದು, ಪಲಾಯನವೆನಿಸುತ್ತದೆ.

ನಾಲ್ಕನೆಯದು ಬರವಣಿಗೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಲೈ ಫಿಂಕೆಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120 ದಂಪತಿಗಳು ಭಾಗವಹಿಸಿದ್ದರು. ಮೊದಲ ವರ್ಷ ಎಲ್ಲರ ದಾಂಪತ್ಯತೃಪ್ತಿಯೂ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಎರಡನೆಯ ವರ್ಷ ಅರ್ಧದಷ್ಟು ದಂಪತಿಗಳಿಗೆ ಒಂದು ಕೆಲಸ ಕೊಡಲಾಯಿತು. ತಮ್ಮ ನಡುವಣ ಜಗಳವನ್ನು ಇಬ್ಬರ ಹಿತವನ್ನೂ ಬಯಸುವ ಮೂರನೆಯ ವ್ಯಕ್ತಿಯ ಕಣ್ಣಿನಿಂದ ನೋಡಿ ಏಳು ನಿಮಿಷ ಬರೆಯುವುದು. ಹೀಗೆ ವರ್ಷಕ್ಕೆ ಮೂರು ಸಲ, ಒಟ್ಟು 21 ನಿಮಿಷ. ಬರೆದವರಲ್ಲಿ ಇಳಿಕೆ ನಿಂತಿತು, ಉಳಿದವರಲ್ಲಿ ಮುಂದುವರಿಯಿತು. ಊರಿನ ಮನೆಯಲ್ಲಿದ್ದ ಸೋದರತ್ತೆಯ ಸ್ಥಾನವನ್ನು ಇಲ್ಲಿ ಒಂದು ಹಾಳೆ ತುಂಬಿತೆನ್ನಬಹುದು. "ಈ ಜಗಳವನ್ನು ಕಂಡಿದ್ದರೆ ಅತ್ತೆ ಏನೆನ್ನುತ್ತಿದ್ದರು?" ಎಂದು ಕೇಳಿಕೊಂಡು ಬರೆಯಲು ಕನ್ನಡಿಗರಿಗೆ ಪ್ರಯಾಸವಾಗದು.

ಐದನೆಯದು ಹೊಸತನ. ಮನೋವಿಜ್ಞಾನಿ ಆರ್ಥರ್ ಆರನ್ ಅವರ ತಂಡವು 2000ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಟ್ಟಾಗಿ ಹೊಸದಾದ ಮೋಜಿನ ಕೆಲಸ ಮಾಡಿದ ದಂಪತಿಗಳಿಗೆ ತಮ್ಮ ಸಂಬಂಧದ ಬಗೆಗಿನ ತೃಪ್ತಿ ಹೆಚ್ಚಿತು. ಮಾಮೂಲು ಕೆಲಸ ಮಾಡಿದವರಲ್ಲಿ ಅಷ್ಟು ಹೆಚ್ಚಲಿಲ್ಲ. ಪ್ರತಿ ರಜೆಯಲ್ಲೂ ಅದೇ ಊರು, ಅದೇ ನೆಂಟರ ಮನೆ, ಅದೇ ಮದುವೆಯ ಹಾಲುಗಳ ಬದಲು ಒಮ್ಮೆಯಾದರೂ ಇಬ್ಬರೇ ಮಾಥೇರಾನಿನ ಮಳೆಯಲ್ಲಿ ನಡೆದುಬರಬಹುದು. ಕನ್ನಡ ಸಂಘದ ನಾಟಕದಲ್ಲಿ ಒಬ್ಬರು ಪಾತ್ರವಹಿಸಿದರೆ ಇನ್ನೊಬ್ಬರು ಮಾತು ಒಪ್ಪಿಸಿಕೊಳ್ಳಬಹುದು. ಈಜು, ಭಜನೆ, ತೋಟಗಾರಿಕೆ ಯಾವುದಾದರೂ ಸರಿ. ಇಬ್ಬರಿಗೂ ಹೊಸದಾಗಿರಬೇಕು, ಇಬ್ಬರೂ ಸಮಾನವಾಗಿ ತಪ್ಪುವಂತಿರಬೇಕು.

ಒಬ್ಬರೇ ಆರಂಭಿಸಬೇಕಾದಾಗ

"ಇದೆಲ್ಲ ಸರಿ, ಆದರೆ ಅವರಿಗೂ ಮನಸ್ಸಿರಬೇಕಲ್ಲ" ಎಂಬ ಆಕ್ಷೇಪ ಬಂದೇ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಆರಂಭ ಮಾಡುವವರು ಒಬ್ಬರೇ. ಸುಳಿಯಲ್ಲಿ ಇಬ್ಬರೂ ಸುತ್ತುತ್ತಿರುವುದರಿಂದ ಒಬ್ಬರ ಗತಿ ಬದಲಾದರೂ ಇನ್ನೊಬ್ಬರ ಗತಿಗೆ ತಡೆಯಾಗುತ್ತದೆ. ಒತ್ತಾಯಿಸುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿಯಬಹುದು. ಮೌನವಾಗಿದ್ದವರು ಕೇಳುವ ಮುನ್ನವೇ ಒಂದು ಮಾತನಾಡಬಹುದು. ಎರಡು ಎಚ್ಚರಿಕೆಗಳು ಅಗತ್ಯ. ವರ್ಷಗಟ್ಟಲೆ ಸಂಗ್ರಹವಾದ ಅಪನಂಬಿಕೆ ವಾರದಲ್ಲಿ ಕರಗುವುದಿಲ್ಲ, "ಏನು ಇವತ್ತು ವಿಶೇಷ, ಎಂದೂ ಇಲ್ಲದ್ದು?" ಎಂಬ ವ್ಯಂಗ್ಯವೇ ಮೊದಲ ಪ್ರತಿಕ್ರಿಯೆಯಾಗಬಹುದು. ಅದನ್ನು ನಿರಾಕರಣೆಯೆಂದು ತಿಳಿಯಬಾರದು. ಇನ್ನೊಂದು, ಮಾಡಿದ ಉಪಕಾರದ ಲೆಕ್ಕವಿಡಬಾರದು. ಮೂರು ನಾಲ್ಕು ತಿಂಗಳು ಹೀಗೆ ನಡೆದುಕೊಂಡ ಮೇಲೂ ಕಿಂಚಿತ್ತೂ ಬದಲಾವಣೆ ಕಾಣದಿದ್ದರೆ ಹೊರಗಿನ ನೆರವು ಬೇಕೆಂದು ಅರ್ಥ.

ಹೊರಗಿನ ನೆರವು

ಹೊರನಾಡ ಕನ್ನಡಿಗರಿಗೆ ಇಲ್ಲಿ ಎರಡು ತೊಡಕುಗಳು. ಕಚೇರಿಯ ವ್ಯವಹಾರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆದರೂ ಎದೆಯೊಳಗಿನ ನೋವು ಮನೆಮಾತಿನಲ್ಲೇ ಇರುತ್ತದೆ. ಅದನ್ನು ಪರಭಾಷೆಯಲ್ಲಿ ಆಪ್ತಸಮಾಲೋಚಕರ ಮುಂದಿಡಲು ನಾಲಿಗೆ ತೊಡರುತ್ತದೆ. ಕನ್ನಡದವರೇ ದೊರೆತರೆ "ಸುದ್ದಿ ಸಂಘದವರೆಗೂ ಹೋದೀತು" ಎಂಬ ಅಳುಕು. ಈ ಎರಡಕ್ಕೂ ದೂರವಾಣಿ ಒಂದು ಪರಿಹಾರ. ಭಾರತ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ 'ಟೆಲಿ-ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡುವ ಅವಕಾಶವಿದೆ. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕುಟುಂಬ ಮನೋವೈದ್ಯ ವಿಭಾಗವನ್ನು ಕಾಣಬಹುದು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ನ್ಯಾಯಾಲಯದಲ್ಲೇ ಸಮಾಲೋಚಕರಿರಲು ಅವಕಾಶ ಕಲ್ಪಿಸಿದೆಯಾದರೂ ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ.

ಸಮಾಲೋಚನೆಯಿಂದ ಎಲ್ಲ ಸಂಬಂಧಗಳೂ ಉಳಿಯುತ್ತವೆಂದು ಭರವಸೆ ಕೊಡಲಾಗದು. ಕ್ರಿಸ್ಟೆನ್‌ಸನ್ ಮತ್ತು ಸಹೋದ್ಯೋಗಿಗಳು ತೀವ್ರವಾಗಿ ಬೇಸತ್ತಿದ್ದ 134 ದಂಪತಿಗಳಿಗೆ ಚಿಕಿತ್ಸೆ ನೀಡಿ ಐದು ವರ್ಷ ಹಿಂಬಾಲಿಸಿ ನೋಡಿದಾಗ ಸುಮಾರು ಅರ್ಧದಷ್ಟು ಮಂದಿ ಗಣನೀಯವಾಗಿ ಸುಧಾರಿಸಿದ್ದರು. ಸುಮಾರು ಕಾಲು ಭಾಗ ಬೇರ್ಪಟ್ಟಿದ್ದರು. ಮುರಿಯುವ ಅಂಚಿಗೆ ಬಂದವರಲ್ಲೂ ಅರ್ಧದಷ್ಟು ಜನ ಚೇತರಿಸಿಕೊಂಡರೆಂಬುದು ಸಣ್ಣ ಮಾತಲ್ಲ. ಮೊದಲೇ ಬಂದವರ ಪಾಲಿಗೆ ಆಸೆ ಹೆಚ್ಚೇ ಇರಬೇಕು.

ಒಂದು ಸಂಗತಿಯನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹೊಡೆತ, ಬೆದರಿಕೆ, ಹಣಕ್ಕೆ ಕಡಿವಾಣ, ಮನೆಯಿಂದ ಹೊರಹಾಕುವುದು ಇವುಗಳಿರುವಲ್ಲಿ ಮೇಲೆ ಹೇಳಿದ ಯಾವ ಉಪಾಯವೂ ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯೂ 181 ಸಂಖ್ಯೆಯ ಮಹಿಳಾ ಸಹಾಯವಾಣಿಯೂ ಇದಕ್ಕಾಗಿಯೇ ಇವೆ. "ಹೊಂದಿಕೊಂಡು ಹೋಗು" ಎಂಬ ಉಪದೇಶವನ್ನು ಅಂತಹ ಮನೆಯ ಹೆಣ್ಣುಮಗಳಿಗೆ ಬಂಧುಗಳು ಕೊಡಬಾರದು.

ಏಳನೆಯ ಹೆಜ್ಜೆ

ಸಪ್ತಪದಿಯ ಪದ್ಧತಿಯುಳ್ಳ ಮದುವೆಗಳಲ್ಲಿ ಅನ್ನ, ಬಲ, ಸಂಪತ್ತು, ಸಂತಾನ ಮೊದಲಾದವುಗಳಿಗಾಗಿ ಹೆಜ್ಜೆಗಳನ್ನಿಟ್ಟ ಮೇಲೆ ಏಳನೆಯ ಹೆಜ್ಜೆಯನ್ನು ಇಡುವುದು ಸಖ್ಯಕ್ಕಾಗಿ. ವರಕವಿ ಬೇಂದ್ರೆಯವರು ತಮ್ಮ ಸಂಸಾರದ ಸುಖದುಃಖಗಳನ್ನು ಹಾಡಿದ ಕಾವ್ಯಕ್ಕೆ 'ಸಖೀಗೀತ'ವೆಂದು ಹೆಸರಿಟ್ಟಿರುವುದೂ ಗಮನಾರ್ಹ. ಮಹಾನಗರಕ್ಕೆ ಬಂದ ಕುಟುಂಬಗಳು ಮೊದಲ ಹೆಜ್ಜೆಗಳನ್ನು ಶ್ರದ್ಧೆಯಿಂದ ನಡೆದಿವೆ: ಅನ್ನವನ್ನು ದುಡಿದಿವೆ, ಮನೆಯನ್ನು ಕಟ್ಟಿವೆ, ಮಕ್ಕಳನ್ನು ಓದಿಸಿವೆ. ಈ ಓಟದಲ್ಲಿ ಏಳನೆಯದು ಹಿಂದೆ ಉಳಿಯಿತು. ಮಕ್ಕಳು ರೆಕ್ಕೆ ಬಲಿತು ಹಾರಿಹೋದ ಮೇಲೆ, ಕಂತುಗಳು ತೀರಿದ ಮೇಲೆ ಮನೆಯಲ್ಲಿ ಉಳಿಯುವವರು ಇಬ್ಬರೇ. ಆ ಇಬ್ಬರು ಸ್ನೇಹಿತರಾಗಿ ಉಳಿಯಬೇಕಾದರೆ ಅದಕ್ಕೆ ಸಿದ್ಧತೆ ಇಂದಿನಿಂದಲೇ ಆಗಬೇಕು. ಇಂದು ರಾತ್ರಿ ಎರಡು ಎಲೆ ಒಟ್ಟಿಗೆ ಹಾಕುವುದು ಅದರ ಆರಂಭವಾಗಬಲ್ಲದು.